ನೇರಳೆಗೆ ತಿರುಗಿದ ತೆಂಗಿನ ಗರಿ

ಕುಣಿಗಲ್ ತಾಲ್ಲೂಕಿನ ಅಮೃತೂರು ತೆಂಗು, ರಾಗಿಯ ಸೀಮೆ. ಇಂಥ ಊರುಗಳಲ್ಲೂ ಈಗ ಅಂಗಡಿಯ ಸೂರಿನಡಿ, ತೋಟದ ಮನೆಯ ಗೇಟಿನ ಮೇಲೆ ಸಿ.ಸಿ. ಟಿ.ವಿ. ಕ್ಯಾಮೆರಾ ಕಾವಲಿಗೆ ನಿಂತಿರುತ್ತದೆ. ಹಾಕಿಸಿ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಕೆಲವು ಕ್ಯಾಮೆರಾಗಳು ವಿಚಿತ್ರವಾಗಿ ವರ್ತಿಸತೊಡಗುತ್ತವೆ. ಮಟಮಟ ಮಧ್ಯಾಹ್ನ ಹಸಿರಾಗಿರಬೇಕಾದ ತೆಂಗಿನ ಗರಿ ಬಿಳಿಚಿಕೊಂಡು ನೇರಳೆಗೆ ತಿರುಗಿರುತ್ತದೆ. ಕಪ್ಪು ಅಂಗಿ ತೊಟ್ಟು ಬಂದವನು ಪರದೆಯ ಮೇಲೆ ಕಂದು ಅಂಗಿಯವನಾಗಿ ಕಾಣುತ್ತಾನೆ. ಬಿಸಿಲಿಗೆ ಲೆನ್ಸು ಸುಟ್ಟುಹೋಯಿತೆಂದು ಮನೆಯವರು ಅಂದುಕೊಳ್ಳುತ್ತಾರೆ. ಲೆನ್ಸಿನದು ಏನೂ ತಪ್ಪಿರುವುದಿಲ್ಲ. ಮನುಷ್ಯನ ಕಣ್ಣಿಗೆ ಕಾಣದ ಬೆಳಕೊಂದು ಚಿತ್ರದೊಳಗೆ ನುಸುಳಿದೆ, ಅಷ್ಟೆ.

ಆ ಬೆಳಕಿನ ಕಥೆ ಇನ್ನೂರು ವರ್ಷಕ್ಕೂ ಹಳೆಯದು. 1800ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಬಳಸುತ್ತಿದ್ದ. ಒಂದು ಗಾಜಿನಲ್ಲಿ ಬೆಳಕು ಕಡಿಮೆ, ಕಾವು ಹೆಚ್ಚು. ಇನ್ನೊಂದರಲ್ಲಿ ಬೆಳಕು ಹೆಚ್ಚು, ಕಾವು ಕಡಿಮೆ. ಇದೇಕೆಂದು ತಿಳಿಯಲು ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟ. ಕೆಂಪಿನ ಅಂಚು ದಾಟಿ, ಬಣ್ಣವೇ ಇಲ್ಲದ ಜಾಗದಲ್ಲಿಟ್ಟ ಮಾಪಕ ಎಲ್ಲಕ್ಕಿಂತ ಮೇಲಕ್ಕೆ ಏರಿತು. ಕನ್ನಡದಲ್ಲಿ ಅವಗೆಂಪು ಎನ್ನುವ ಕಿರಣ ಹೀಗೆ ಪತ್ತೆಯಾಯಿತು.

1910ರಲ್ಲಿ ಅಮೆರಿಕದ ರಾಬರ್ಟ್ ವುಡ್ ಈ ಕಿರಣದಿಂದಲೇ ತೆಗೆದ ನಿಸರ್ಗಚಿತ್ರಗಳನ್ನು ಪ್ರಕಟಿಸಿದ. ಆಕಾಶ ಕಡುಗಪ್ಪು, ಮರಗಳೆಲ್ಲ ಹಿಮ ಸುರಿದಂತೆ ಬಿಳಿ. ಎಲೆಯ ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ನುಂಗುತ್ತದೆ. ಅವಗೆಂಪನ್ನು ಮಾತ್ರ ಮುಟ್ಟುವುದಿಲ್ಲ. ಎಲೆಯೊಳಗಿನ ಜೀವಕೋಶಗಳ ರಚನೆ ಅದನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಇದೇ ಗುಣ ಸೈನ್ಯಕ್ಕೆ ಒದಗಿಬಂತು. ಹಸಿರು ಬಣ್ಣ ಬಳಿದು ಮರೆಮಾಡಿದ ಫಿರಂಗಿಯನ್ನೂ ನಿಜವಾದ ಸೊಪ್ಪನ್ನೂ ಕಣ್ಣು ಬೇರ್ಪಡಿಸಲಾರದು. ಅವಗೆಂಪು ಫಿಲ್ಮು ಬೇರ್ಪಡಿಸಿತು. ಅಮೃತೂರಿನ ತೆಂಗಿನ ಗರಿ ಬಿಳಿಚಿಕೊಳ್ಳುವುದಕ್ಕೂ ಕಾರಣ ಇದೇ.

ಇಂದಿನ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗಕ್ಕೆ ಸಿಲಿಕಾನ್ ಬಿಲ್ಲೆ ಬಂದಿದೆ. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕನ್ನಷ್ಟೇ ಕಂಡರೆ, ಸಿಲಿಕಾನ್ ಸುಮಾರು 1100ರವರೆಗೂ ಕಾಣುತ್ತದೆ. ಬಿಲ್ಲೆಗೆ ಬಣ್ಣ ತಿಳಿಯದು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯದಂತೆ ಅದರ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ ಸಣ್ಣ ಚೌಕಗಳನ್ನು ಹಾಸಿರುತ್ತಾರೆ. ಒಂದು ಚೌಕಕ್ಕೆ ಕೆಂಪಿದ್ದರೆ ಒಂದಕ್ಕೆ ನೀಲಿ, ಎರಡಕ್ಕೆ ಹಸಿರು. ತೊಂದರೆಯೆಂದರೆ ಈ ಮೂರೂ ಶೋಧಕಗಳು ಅವಗೆಂಪನ್ನು ಧಾರಾಳವಾಗಿ ಒಳಗೆ ಬಿಡುತ್ತವೆ. ಹಾಗಾಗಿ ಬಿಲ್ಲೆಯ ಮುಂದೆ ಇನ್ನೊಂದು ತೆಳು ಗಾಜು ಬೇಕು. ಅದು ಬಾಗಿಲ ದ್ವಾರಪಾಲಕನಂತೆ ಅವಗೆಂಪನ್ನು ತಡೆಯುತ್ತದೆ.

ಆದರೆ ಕಾವಲು ಕ್ಯಾಮೆರಾಕ್ಕೆ ರಾತ್ರಿಯೂ ಕೆಲಸ. ಕತ್ತಲಲ್ಲಿ ಅದು ತನ್ನದೇ ಅವಗೆಂಪು ದೀಪಗಳನ್ನು ಹಚ್ಚಿಕೊಂಡು ಕಪ್ಪು-ಬಿಳುಪಿನಲ್ಲಿ ನೋಡುತ್ತದೆ. ಆಗ ತಡೆಗಾಜು ಪಕ್ಕಕ್ಕೆ ಸರಿಯಬೇಕು. ಬೆಳಗಾದಾಗ ಮರಳಿ ಬರಬೇಕು. ಮುಸ್ಸಂಜೆಯಲ್ಲಿ ಕ್ಯಾಮೆರಾದಿಂದ ‘ಟಿಕ್’ ಎಂಬ ಸಣ್ಣ ಸದ್ದು ಬರುವುದನ್ನು ಕೆಲವರು ಕೇಳಿರಬಹುದು. ದಿನಕ್ಕೆರಡು ಸಲ, ವರ್ಷಕ್ಕೆ 730 ಸಲ ಗಾಜು ಜಾಗ ಬದಲಿಸುತ್ತದೆ. ದೂಳು, ತೇವ, ಸವೆತ ಯಾವುದರಿಂದಲೋ ಒಂದು ದಿನ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಸರಿದಾಗ ಸಿಕ್ಕಿಕೊಂಡರೆ ಹಗಲೆಲ್ಲ ನೇರಳೆ. ಮುಂದೆ ಬಂದಾಗ ಸಿಕ್ಕಿಕೊಂಡರೆ ಹಗಲು ಸರಿ, ರಾತ್ರಿ ಬರೀ ಕತ್ತಲು. ಟಿ.ವಿ. ರಿಮೋಟನ್ನು ನೆರಳಿನಲ್ಲಿ ಕ್ಯಾಮೆರಾದ ಎದುರು ಒತ್ತಿ ನೋಡಬಹುದು. ಹಗಲಿನ ಬಣ್ಣದ ಚಿತ್ರದಲ್ಲಿ ರಿಮೋಟಿನ ತುದಿ ಟಾರ್ಚಿನಂತೆ ಹೊಳೆದರೆ ತಡೆಗಾಜು ಜಾಗದಲ್ಲಿಲ್ಲವೆಂದೇ ಅರ್ಥ. ಕೆಲವೊಮ್ಮೆ ಸೆಟ್ಟಿಂಗಿನಲ್ಲಿ ಹಗಲು-ರಾತ್ರಿಗಳನ್ನು ಬಲವಂತವಾಗಿ ಎರಡು ಮೂರು ಸಲ ಅದಲುಬದಲು ಮಾಡಿದರೆ ಗಾಜು ಸಡಿಲವಾಗುವುದುಂಟು.

ಬೆಳಕಿನ ಏರಿಳಿತದ ದೂರುಗಳು ಬೇರೆ ಜಾತಿಯವು. ರಾತ್ರಿ ಚಿತ್ರವೆಲ್ಲ ಬೆಳ್ಳಗಾಗಿ ಮುಖ ಕಾಣದಿದ್ದರೆ ಮೊದಲು ನೋಡಬೇಕಾದ್ದು ಜೇಡರ ಬಲೆ. ಕ್ಯಾಮೆರಾದ ದೀಪ ಹತ್ತಿರದ ಬಲೆಗೆ ಬಡಿದು ಮರಳಿದರೆ, ಯಂತ್ರ ಬೆಳಕು ಹೆಚ್ಚಾಯಿತೆಂದು ತಿಳಿದು ದೂರದ ದೃಶ್ಯವನ್ನು ಕಪ್ಪಾಗಿಸುತ್ತದೆ. ಚಿತ್ರದಲ್ಲಿ ಅಡ್ಡಪಟ್ಟೆಗಳು ಹರಿದಾಡಿದರೆ ಕ್ಯಾಮೆರಾ 60 ಹರ್ಟ್ಸ್‌ಗೆ ಹೊಂದಿಸಿದ್ದಿರಬಹುದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಇನ್ನು ಬೆಳಗಿನ ಆಕಾಶಕ್ಕೆ ಎದುರಾಗಿ ಗೇಟಿನಲ್ಲಿ ನಿಂತವನ ಮುಖ ಮಸಿಯಾಗುವುದು ಛಾಯಾಗ್ರಹಣದಷ್ಟೇ ಹಳೆಯ ಸಮಸ್ಯೆ.

ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಛಾಯಾಗ್ರಹಣ ಕಲಿತ ಮೈಸೂರಿನ ವಿ.ಕೆ. ಮೂರ್ತಿಯವರು ಬೆಳಕನ್ನು ಕೈಯಲ್ಲಿ ಹಿಡಿದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹೆಸರಾಂತ ಬೆಳಕಿನ ಕೋಲಿಗಾಗಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೊ ಒಳಕ್ಕೆ ಹಾಯಿಸಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಗೋಡೆಯ ಮೇಲಿನ ಕ್ಯಾಮೆರಾಕ್ಕೆ ಅಂಥ ಯಜಮಾನನಿಲ್ಲ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತಿಳಿಯದೆ ಅದು ಸರಾಸರಿ ಲೆಕ್ಕ ಹಾಕುತ್ತದೆ.

ಬಣ್ಣ ಕೆಟ್ಟರೆ ಏನಂತೆ ಎನ್ನುವಂತಿಲ್ಲ. ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಅಳವಡಿಸಿ, 30 ದಿನಗಳ ದೃಶ್ಯ ಉಳಿಸಿಡಬೇಕೆಂದು ಕರ್ನಾಟಕ 2017ರಲ್ಲೇ ಕಾನೂನು ಮಾಡಿದೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಪೊಲೀಸ್ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಅದಕ್ಕೆ ರಾತ್ರಿಯಲ್ಲೂ ಕಾಣಬೇಕು ಎಂದು ಆದೇಶಿಸಿತು. ಲಾಕಪ್ಪಿನೊಳಗಿದ್ದವನ ರಕ್ಷಣೆಗೆ ಬಂದ ಆದೇಶ ಅದು. ರಾತ್ರಿ ಕಾಣುವ ಕ್ಯಾಮೆರಾ ಎಂದರೆ ಸಾಮಾನ್ಯವಾಗಿ ಸರಿದಾಡುವ ತಡೆಗಾಜಿನ ಕ್ಯಾಮೆರಾ. ಕಳವಿನ ಪ್ರಕರಣದಲ್ಲಿ ಸಾಕ್ಷಿಯೊಬ್ಬ ಕಪ್ಪು ಅಂಗಿ ಎಂದು, ಚಿತ್ರ ಕಂದು ಅಂಗಿ ಎಂದು ತೋರಿಸಿದರೆ ಯಾರನ್ನು ನಂಬುವುದು? ಸಂದೇಹದ ಲಾಭ ಕಳ್ಳನಿಗೂ ಹೋಗಬಹುದು. ಕಂದು ಅಂಗಿ ತೊಟ್ಟ ನಿರಪರಾಧಿ ಠಾಣೆಯ ಮೆಟ್ಟಿಲನ್ನೂ ಹತ್ತಬೇಕಾಗಬಹುದು. ಎಲ್ಲ ಕಪ್ಪು ಬಟ್ಟೆಯೂ ಹೀಗೆ ಮೋಸ ಮಾಡುವುದಿಲ್ಲ. ನೂಲಿಗೆ ಹಾಕಿದ ಬಣ್ಣ ಅವಗೆಂಪನ್ನು ನುಂಗಿದರೆ ಕಪ್ಪಾಗಿಯೇ ಉಳಿಯುತ್ತದೆ, ಚಿಮ್ಮಿಸಿದರೆ ಕಂದಾಗುತ್ತದೆ. ಒಂದೇ ಚಿತ್ರದಲ್ಲಿ ಎರಡೂ ಬಗೆ ಇರಬಹುದಾದ್ದರಿಂದ ಗೊಂದಲ ಇನ್ನಷ್ಟು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ವಿದ್ಯುನ್ಮಾನ ದಾಖಲೆ ಸೃಷ್ಟಿಯಾದ ಅವಧಿಯಲ್ಲಿ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿತ್ತೇ, ಇಲ್ಲದಿದ್ದರೆ ಆ ದೋಷ ದಾಖಲೆಯ ನಿಖರತೆಗೆ ಧಕ್ಕೆ ತಂದಿತೇ ಎಂದು ಕೇಳುತ್ತದೆ. ಹಿಂದಿನ ಕಾಯ್ದೆಯ 65-ಬಿ ಕಲಮಿನಲ್ಲೂ ಇದೇ ಷರತ್ತಿತ್ತು. ನೇರಳೆ ತೆಂಗಿನ ಗರಿ ಅಲ್ಲಿ ವಕೀಲರಿಗೆ ಉಪಯೋಗಕ್ಕೆ ಬರುತ್ತದೆ. ಅದೇ ಚಿತ್ರದ ಮೂಲೆಯಲ್ಲಿ ಗಿಡಮರ ಬಿಳಿಚಿಕೊಂಡಿದ್ದರೆ, ಅಂಗಿಯ ಬಣ್ಣವನ್ನೂ ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ.