ಹಲ್ಲಿನ ಕ್ಯಾಪ್ ಮತ್ತು ವಿನಿಯರ್ ಅಂಚಿನ ಕಲೆ

ಹಲ್ಲಿಗೆ ಕೂರಿಸಿದ ಕ್ಯಾಪ್ (ಕ್ರೌನ್) ಅಥವಾ ಮುಂಭಾಗಕ್ಕೆ ಅಂಟಿಸಿದ ತೆಳು ಪಿಂಗಾಣಿ ಪದರದ (ವಿನಿಯರ್) ಅಂಚಿನಲ್ಲಿ ಮೂಡುವ ಕಪ್ಪು, ಬೂದು ಇಲ್ಲವೇ ಕಂದು ಗೆರೆ. ಪಿಂಗಾಣಿಗೆ ಕಲೆ ಹಿಡಿಯುವುದು ಕಡಿಮೆ. ಕಲೆ ಕೂರುವುದು ಹೆಚ್ಚಾಗಿ ಹಲ್ಲು ಮತ್ತು ಕ್ಯಾಪ್ ಕೂಡುವ ಸಿಮೆಂಟಿನ ಸಂದಿನಲ್ಲಿ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಡಿಕೆ ಬೆಳೆಯುವ ತಾಲ್ಲೂಕುಗಳು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಜಗಿಯುವವರಲ್ಲಿ ಈ ಸಂದು ಬೇಗ ಕೆಂಗಂದಾಗುತ್ತದೆ. ಅಡಿಕೆಯಿಂದ ಬಾಯಿಯ ಒಳಪೊರೆ ಬಿಗಿದು ಬಾಯಿ ತೆರೆಯಲಾಗದಿದ್ದರೆ ಕ್ಯಾಪ್‌ಗೆ ಅಳತೆ ತೆಗೆಯುವುದೂ ಕಷ್ಟ. ಅಂಥವರಿಗೆ ಬಣ್ಣಕ್ಕಿಂತ ಮೊದಲು ಆ ಕಾಯಿಲೆಯ ತಪಾಸಣೆ ಆಗಲೇಬೇಕು. ಅದೇ ಜಿಲ್ಲೆಯ ಬಯಲುಸೀಮೆಯ ಜಗಳೂರಿನ ಚಿಂತೆ ಬೇರೆ. ಬಾಲ್ಯದಲ್ಲಿ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದವರ ಹಲ್ಲಿನಲ್ಲೇ ಕಂದು ಮಚ್ಚೆ ಇರುತ್ತದೆ. ತೆಳು ವಿನಿಯರ್ ಅದನ್ನು ಪೂರ್ತಿ ಮರೆಮಾಡದು. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಭಾರತೀಯ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಪರಿಹಾರ ಕಾರಣವನ್ನು ಅವಲಂಬಿಸಿದೆ. ಮೇಲ್ಮೈ ಕಲೆ ವೈದ್ಯರ ಪಾಲಿಶ್‌ಗೆ ಹೋಗುತ್ತದೆ. ವಸಡು ಸರಿದು, ಪಿಂಗಾಣಿಯೊಳಗೆ ಲೋಹವಿರುವ ಕ್ಯಾಪ್‌ನ ಅಂಚು ಬೂದಾಗಿ ಕಂಡರೆ ಲೋಹದ ಒಳಪದರವಿಲ್ಲದ ಜಿರ್ಕೋನಿಯಾ ಕ್ಯಾಪ್‌ಗೆ ಬದಲಾಯಿಸುವುದು ಲೇಸು. ಅಂಚಿನಡಿ ಹುಳುಕಿದ್ದರೆ ತಡಮಾಡದೆ ಕ್ಯಾಪ್ ತೆಗೆಸಬೇಕು. ಬಿಳುಪುಗೊಳಿಸುವ ಔಷಧ ಪಿಂಗಾಣಿಯ ಬಣ್ಣ ಬದಲಿಸದು. ಬಿಳುಪು ಬೇಕಾದವರು ಕ್ಯಾಪ್‌ಗೆ ಮೊದಲೇ ಮಾಡಿಸಿ, ಸುಮಾರು ಎರಡು ವಾರ ಬಿಟ್ಟು ಅಂಟಿಸಿಕೊಳ್ಳಬೇಕು.

ಇದ್ದಿಲು, ಇಟ್ಟಿಗೆ ಪುಡಿಯಿಂದ ಉಜ್ಜಿದರೆ ಹೊಳಪು ಹೋಗಿ ಕಲೆ ಇನ್ನಷ್ಟು ಹಿಡಿಯುತ್ತದೆ. ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ದ್ರಾವಣದ ದೀರ್ಘ ಬಳಕೆಯೂ ಕಂದು ಕಲೆ ತರುತ್ತದೆ. ಮೃದು ಬ್ರಷ್, ಸಂದಿಗೆ ಫ್ಲಾಸ್ ದಾರ, ಆರು ತಿಂಗಳಿಗೊಮ್ಮೆ ತಪಾಸಣೆ ಸಾಕು. ಈ ಜಿಲ್ಲೆಯ ಕ್ಲಿಷ್ಟ ಪ್ರಕರಣಗಳಿಗೆ ದಾವಣಗೆರೆಯ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಹತ್ತಿರದಲ್ಲಿದೆ.