ಜರ್ಮನಿಯಲ್ಲಿ ನೂತನ ಮುದ್ರಣಶೈಲಿಯ ಉದಯ

ಯೂರೋಪು ಖಂಡದ ಮುದ್ರಣಕಲೆಯ ಚರಿತ್ರೆಯಲ್ಲಿ ಇಪ್ಪತ್ತನೆಯ ಶತಮಾನದ ಮೂರನೆಯ ದಶಕವು ಒಂದು ಸಂಧಿಕಾಲವಾಗಿದ್ದಿತು. ಜರ್ಮನಿಯ ಗ್ರಂಥಗಳು ಗೂಟನ್‌ಬರ್ಗನ ಕಾಲದಿಂದ ಬಹುಮಟ್ಟಿಗೆ ಕೋನಕೋನವಾದ ಗಾಥಿಕ್ ಲಿಪಿಯಲ್ಲಿಯೇ ಅಚ್ಚಾಗುತ್ತಿದ್ದುವು. ಮುಖಪತ್ರದ ಪಂಕ್ತಿಗಳನ್ನು ಪುಟದ ನಡುಗೆರೆಯ ಎರಡು ಪಾರ್ಶ್ವಗಳಿಗೂ ಸಮನಾಗಿ ಹೊಂದಿಸುವುದು ಸಂಪ್ರದಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಹೀರಾತುಗಳೂ ಬೆಲೆಪಟ್ಟಿಗಳೂ ಹೆಚ್ಚಲು, ಮುದ್ರಕರು ಅವನ್ನೂ ಇದೇ ಕ್ರಮದಲ್ಲಿ ಜೋಡಿಸಿ, ಬಗೆಬಗೆಯ ಮೊಳೆಗಳಿಂದಲೂ ಹೂಬಳ್ಳಿಗಳಿಂದಲೂ ತುಂಬುತ್ತ ಬಂದರು. ಅವಸರದಿಂದ ಓದುವವನಿಗೆ ಮುಖ್ಯಾಂಶವು ಯಾವುದೆಂದು ತಿಳಿಯುವುದೇ ಕಷ್ಟವಾಯಿತು.

ಈ ಕಟ್ಟನ್ನು ಮೊದಲು ಮುರಿದವರು ಕವಿಗಳು ಮತ್ತು ಚಿತ್ರಕಾರರು. ಇಟಲಿಯ ಮಾರಿನೆಟ್ಟಿಯು 1914ರ ತನ್ನ ಕಾವ್ಯದಲ್ಲಿ ಪದಗಳನ್ನು ಪುಟದ ಮೇಲೆ ಚೆದರಿಸಿದನು. 1923ರಲ್ಲಿ ರಷ್ಯದ ಲಿಸಿಟ್ಸ್ಕಿಯು ಮಾಯಕೋವ್ಸ್ಕಿಯ ಕವಿತೆಗಳನ್ನು ಬರ್ಲಿನ್ನಿನಲ್ಲಿ ಅಚ್ಚುಮಾಡಿಸಿ, ಕೇವಲ ಅಚ್ಚುಮೊಳೆ ಮತ್ತು ಗೆರೆಗಳಿಂದಲೇ ಚಿತ್ರಗಳನ್ನು ಕಟ್ಟಿದನು. ಅದೇ ವರ್ಷ ವೈಮಾರ್ ನಗರದ ಬೌಹೌಸ್ ಕಲಾಶಾಲೆಯ ಮೊಹೊಲಿ-ನಾಜನು ಮುದ್ರಣದ ಪ್ರಥಮ ಧರ್ಮವು ಸ್ಪಷ್ಟತೆಯೆಂದು ಪ್ರತಿಪಾದಿಸಿದನು.

ಇಂತಹ ಪ್ರಯೋಗಗಳನ್ನು ಸಾಮಾನ್ಯ ಅಚ್ಚುಕೂಟಕ್ಕೆ ತಲಪಿಸಿದವನು ಯಾನ್ ಚಿಹೋಲ್ಡ್. ಇವನು 1902ರಲ್ಲಿ ಲೈಪ್‌ಜಿಗ್ ನಗರದಲ್ಲಿ ನಾಮಫಲಕಗಳನ್ನು ಬರೆಯುವವನೊಬ್ಬನ ಮಗನಾಗಿ ಜನಿಸಿ, ಪ್ರಾಚೀನ ಲಿಪಿಕಲೆಯಲ್ಲಿ ಪರಿಣತನಾದನು. 1923ರ ಬೌಹೌಸ್ ಪ್ರದರ್ಶನವು ಅವನ ಮನಸ್ಸನ್ನು ತಿರುಗಿಸಿತು. 1925ರ ಅಕ್ಟೋಬರಿನಲ್ಲಿ ಮುದ್ರಣ ಕಾರ್ಮಿಕರ ಪತ್ರಿಕೆಯೊಂದರ ವಿಶೇಷ ಸಂಚಿಕೆಯಲ್ಲಿಯೂ, 1928ರಲ್ಲಿ ‘ನೂತನ ಮುದ್ರಣಶೈಲಿ’ ಎಂಬ ಗ್ರಂಥದಲ್ಲಿಯೂ ಅವನು ತನ್ನ ಸೂತ್ರಗಳನ್ನು ವಿವರಿಸಿದನು. ಪಂಕ್ತಿಯ ಸ್ಥಾನವನ್ನು ಅದರ ಅರ್ಥವೇ ನಿರ್ಣಯಿಸತಕ್ಕದ್ದು. ಪುಟದ ಪಾರ್ಶ್ವಗಳು ಸಮನಾಗಿರಬೇಕಾದುದಿಲ್ಲ. ಅಚ್ಚಾಗದ ಬಿಳಿಯ ಭಾಗವೂ ರಚನೆಯ ಅಂಗ. ತುದಿಗೆರೆಗಳಿಲ್ಲದ ಸರಳವಾದ ರೋಮನ್ ಅಕ್ಷರಗಳೇ ಯಂತ್ರಯುಗಕ್ಕೆ ಯೋಗ್ಯ. ಕಾಗದಕ್ಕೆ ಜರ್ಮನಿಯಲ್ಲಿ 1922ರಲ್ಲಿ ಗೊತ್ತುಪಡಿಸಿದ ಅಳತೆಗಳೇ ಉತ್ತಮ—ಇವು ಅವುಗಳಲ್ಲಿ ಮುಖ್ಯವಾದುವು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಅವರ ದೃಷ್ಟಿಯಲ್ಲಿ ಈ ಶೈಲಿಯು ದೇಶದ್ರೋಹದ ಲಕ್ಷಣ. ಮ್ಯೂನಿಕ್ಕಿನಲ್ಲಿ ಅಧ್ಯಾಪಕನಾಗಿದ್ದ ಚಿಹೋಲ್ಡನನ್ನು ಮಾರ್ಚ್ ತಿಂಗಳಲ್ಲಿ ಸೆರೆಹಿಡಿದರು. ಬಿಡುಗಡೆಯಾದ ಬಳಿಕ ಅವನು ಹೆಂಡತಿ ಮಗನೊಡನೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರಿದನು.

ಅಲ್ಲಿ ಅವನ ಅಭಿಪ್ರಾಯವು ಕ್ರಮೇಣ ಮಾರ್ಪಟ್ಟಿತು. ಅವನು ಹಳೆಯ ಪದ್ಧತಿಗೆ ಮರಳಿದುದನ್ನು ಸ್ವಿಸ್ ಕಲಾವಿದ ಮಾಕ್ಸ್ ಬಿಲ್ಲನು 1946ರಲ್ಲಿ ಖಂಡಿಸಿದನು. ಚಿಹೋಲ್ಡನು ಅದಕ್ಕೆ ಉತ್ತರಕೊಡುತ್ತ, ತಾನೇ ಸಾರಿದ ಸೂತ್ರಗಳ ಅಸಹಿಷ್ಣುತೆಯಲ್ಲಿ, ತನ್ನನ್ನು ದೇಶದಿಂದ ಓಡಿಸಿದ ಪ್ರಭುತ್ವದ ಸೈನಿಕಶಿಸ್ತಿನ ಛಾಯೆಯು ಕಾಣುವುದೆಂದನು. 1947ರಿಂದ 1949ರವರೆಗೆ ಇಂಗ್ಲೆಂಡಿನ ಪೆಂಗ್ವಿನ್ ಗ್ರಂಥಮಾಲೆಗಳನ್ನು ತಿದ್ದಿದಾಗ ನಡುಗೆರೆಯ ಸಮರಚನೆಯನ್ನೇ ಬಹುವಾಗಿ ಬಳಸಿದನು.

ಇದರಿಂದ ಅವನ ಪೂರ್ವಕೃತಿಯು ವ್ಯರ್ಥವಾಯಿತೆನ್ನಲಾಗದು. ಓದುಗನ ಶ್ರಮವನ್ನು ಕಳೆಯುವುದಕ್ಕಾಗಿ ಹುಟ್ಟಿದ ನಿಯಮವು ಎಲ್ಲ ಗ್ರಂಥಗಳಿಗೂ ವಿಧಿಯಾಗಹೊರಟಾಗ ಅದನ್ನು ತಡೆದವನು ಅದರ ಪ್ರವರ್ತಕನೇ. ಜಾಹೀರಾತಿಗೂ ಕಾವ್ಯಕ್ಕೂ ಓದುವ ರೀತಿ ಬೇರೆ. ಅದಕ್ಕೆ ತಕ್ಕಂತೆ ಪುಟದ ಅಂದವೂ ಬೇರೆಯಾಗಬೇಕೆಂಬುದೇ ಅವನ ಎರಡು ಅವಸ್ಥೆಗಳನ್ನೂ ಕೂಡಿಸಿ ನೋಡಿದಾಗ ತಿಳಿದುಬರುವ ತತ್ತ್ವ.