ಜೋಳದ ಋಣ ಮತ್ತು ಕತ್ತಿಯ ಕಾಯಕ

ಸೈನಿಕವೃತ್ತಿಯನ್ನು ಜೀವನಮಾರ್ಗವಾಗಿ ಆರಿಸಿಕೊಳ್ಳುವುದು ಧರ್ಮಸಮ್ಮತವೇ ಎಂಬ ಪ್ರಶ್ನೆಗೆ ಪ್ರಾಚೀನ ಕರ್ಣಾಟಕದಲ್ಲಿ ದೊರೆತ ಉತ್ತರಗಳು ವಿಚಾರಯೋಗ್ಯವಾಗಿವೆ. ನಮ್ಮ ಶಾಸನಗಳಲ್ಲಿ ಯೋಧನ ಸ್ತುತಿಗೆ ಕೊರತೆಯಿಲ್ಲ. ಆದರೆ ಅವು ಹೆಚ್ಚಾಗಿ ಹೇಳುವುದು ಕತ್ತಿ ಹಿಡಿದವನು ಹೇಗೆ ನಡೆದುಕೊಳ್ಳಬೇಕೆಂಬುದನ್ನು. ಕತ್ತಿಯನ್ನು ಹಿಡಿಯಬೇಕೇ ಬೇಡವೇ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಬೆರೆಸಿಬಿಟ್ಟರೆ ವೀರಗಲ್ಲಿನ ಮುಂದೆ ಕೈಮುಗಿಯುವುದಷ್ಟೇ ನಮಗೆ ಉಳಿಯುತ್ತದೆ.

ವೀರಗಲ್ಲುಗಳೆಲ್ಲ ಒಂದೇ ಬಗೆಯವಲ್ಲ. ತುರುಗೊಳ್‌ನಲ್ಲಿ, ಊರಳಿವಿನಲ್ಲಿ, ಹೆಂಗಸರ ಮಾನರಕ್ಷಣೆಯಲ್ಲಿ ಮಡಿದ ಹಲವರು ಯಾವ ಅರಸನ ಸಂಬಳಕ್ಕೂ ಒಳಪಟ್ಟವರಲ್ಲ. ಕಳ್ಳರು ದನಗಳನ್ನು ಹೊಡೆದುಕೊಂಡು ಹೋದಾಗ ಕೈಗೆ ಸಿಕ್ಕ ಆಯುಧವನ್ನು ಹಿಡಿದು ಓಡಿದ ಒಕ್ಕಲುಮಕ್ಕಳು. ಅರಸನ ಅನ್ನವನ್ನುಂಡು ಕಾದಿದವರ ಕಥೆ ಬೇರೆ. ಅವರ ನೀತಿಗೆ ಜೋಳವಾಳಿ, ವೇಳೆವಾಳಿ ಎಂಬ ಎರಡು ಹೆಸರುಗಳಿದ್ದವು. ಉಂಡ ಜೋಳದ ಋಣವನ್ನು ರಣದಲ್ಲಿ ತೀರಿಸುವುದು ಜೋಳವಾಳಿ. ಒಡೆಯನಿಗೆ ಸಾವು ಬಂದ ವೇಳೆಗೆ ತಾನೂ ಪ್ರಾಣ ಬಿಡುವೆನೆಂಬ ಪ್ರತಿಜ್ಞೆ ವೇಳೆವಾಳಿ. ಮಡಿದವನ ಮನೆಗೆ ಬಿಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಲೆಕ್ಕವಿದ್ದ ವ್ಯವಸ್ಥೆಯಿದು. ಯುದ್ಧದ ಕಾರಣ ನ್ಯಾಯವೋ ಅನ್ಯಾಯವೋ ಎಂಬುದಕ್ಕೆ ಮಾತ್ರ ಆ ಲೆಕ್ಕದಲ್ಲಿ ಕಲಮಿರಲಿಲ್ಲ.

ಈ ನೀತಿಯ ಕೊನೆಯ ಹಂತವನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಒಂದು ಕಂಬದಲ್ಲಿ ನೋಡಬಹುದು. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ಮರಣಹೊಂದಿದಾಗ ಅವನ ದಂಡನಾಯಕನಾದ ಕುವರಲಕ್ಷ್ಮನು, ಮಡದಿ ಸುಗ್ಗಲೆಯೊಡನೆ ಮತ್ತು ತನ್ನ ಅನುಯಾಯಿಗಳೊಡನೆ, ಆಡಿದ ಮಾತಿಗೆ ತಪ್ಪದೆ ಪ್ರಾಣಾರ್ಪಣೆ ಮಾಡಿದನು. ತಮ್ಮ ಕತ್ತಿಯಿಂದ ತಮ್ಮ ಶಿರಸ್ಸನ್ನೇ ಅರಿದುಕೊಳ್ಳುವ ವೀರರನ್ನು ಶಿಲ್ಪಿಯು ಅಲ್ಲಿ ಕಂಡರಿಸಿದ್ದಾನೆ. ಅರಸನು ಅವನನ್ನು ಮಗನೆಂಬಂತೆ ಕಂಡನು. ‘ಕುವರ’ ಎಂಬ ಮಾತೇ ಅದನ್ನು ಸಾರುತ್ತದೆ. ಈ ನಿಷ್ಠೆಯನ್ನು ಹಗುರವಾಗಿ ಕಾಣುವ ಎದೆ ಯಾರಿಗಿದ್ದೀತು? ಆದರೂ ಒಂದು ಮಾತನ್ನು ಹೇಳಲೇಬೇಕು. ಇಲ್ಲಿ ಎದುರಾಳಿಯಿಲ್ಲ, ಕಾಯಬೇಕಾದ ಊರಿಲ್ಲ, ಹಿಂದಿರುಗಿಸಿ ತರಬೇಕಾದ ತುರುವಿಲ್ಲ. ಯಾರನ್ನೂ ರಕ್ಷಿಸದ ಸಾವು ಇದು. ಕೃಷ್ಣರಾಜಪೇಟೆಯ ಸೀಮೆಯ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳನ್ನು ನೋಡಿದರೆ ಸಂಗತಿ ಇನ್ನೂ ಗಂಭೀರವಾಗುತ್ತದೆ. ಅಲ್ಲಿ ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರೊಡನೆ ಗರುಡರಾಗಿ ಮಡಿದರು. ಮೊದಲನೆಯವನು ಆರಿಸಿಕೊಂಡದ್ದು ಮೊಮ್ಮಗನಿಗೆ ಹುಟ್ಟಿನೊಡನೆಯೇ ಬಂದ ಸಾಲವಾಯಿತು.

ಹಿಡಿಯಬೇಕೇ ಎಂಬ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರಲ್ಲಿ ಜೈನರು ಮುಖ್ಯರು. ಅಹಿಂಸೆಯೇ ಪರಮವ್ರತವಾದ ಮತದಲ್ಲಿ ಗಂಗರ ಚಾವುಂಡರಾಯನೂ ಹೊಯ್ಸಳರ ಗಂಗರಾಜನೂ ದಂಡನಾಯಕರಾಗಿದ್ದುದು ಹೇಗೆ? ಆದಿದೇವನು ಉಪದೇಶಿಸಿದ ಷಟ್ಕರ್ಮಗಳಲ್ಲಿ ಅಸಿಯೇ ಮೊದಲನೆಯದು. ಗೃಹಸ್ಥನು ಬಿಡಬೇಕಾದದ್ದು ಸಂಕಲ್ಪಹಿಂಸೆಯನ್ನು; ಎದುರಿಸಿ ಬಂದವನನ್ನು ತಡೆಯುವ ವಿರೋಧಿಹಿಂಸೆ ಅವನಿಗೆ ಪೂರ್ಣವಾಗಿ ನಿಷಿದ್ಧವಲ್ಲ. ಸೂಕ್ಷ್ಮವಾದ ವಿಂಗಡಣೆಯೇನೋ ಸರಿ. ಆದರೆ ಅರಸನು ದಂಡೆತ್ತಿ ಪರರಾಜ್ಯಕ್ಕೆ ನುಗ್ಗಿದಾಗ ಮುಂಚೂಣಿಯಲ್ಲಿರುವ ದಂಡನಾಯಕನ ಕೈಯ ಹಿಂಸೆಯನ್ನು ಯಾವ ಪಂಗಡಕ್ಕೆ ಸೇರಿಸುವುದು? ಚಾವುಂಡರಾಯನಿಗೆ ವೈರಿಕುಲಕಾಲದಂಡನೆಂಬ ಬಿರುದಿತ್ತು, ಸಮ್ಯಕ್ತ್ವರತ್ನಾಕರನೆಂಬ ಬಿರುದೂ ಇತ್ತು. 978ರಲ್ಲಿ ತೀರ್ಥಂಕರರ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದವನೂ ಅವನೇ.

ಹನ್ನೆರಡನೆಯ ಶತಮಾನದ ಶರಣರು ಈ ವಿಂಗಡಣೆಗೆ ಕೈಹಾಕಲಿಲ್ಲ. ಅವರು ಪೆಟ್ಟು ಕೊಟ್ಟದ್ದು ಜೋಳವಾಳಿಯ ಬುಡಕ್ಕೇ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭವಿಯ ಸೇವೆಯನ್ನು ಒಡಲಿಗಾಗಿ ಮಾಡುತ್ತಿರುವರೆಂಬ ಆಪಾದನೆ ಬಂದಾಗ, ತಮ್ಮ ದುಡಿಮೆ ದಾಸೋಹಕ್ಕಾಗಿಯೇ ಹೊರತು ಒಡಲಿಗಲ್ಲವೆಂದು ವಚನಗಳಲ್ಲಿ ಉತ್ತರವಿತ್ತರು. ಇದರ ಅರ್ಥ ಸಾಮಾನ್ಯವಾದುದಲ್ಲ. ಸಂಬಳ ಅರಸನದಾದರೂ ಋಣ ಅರಸನದಲ್ಲ. ಋಣವಿಲ್ಲದೆಡೆಯಲ್ಲಿ ವಿವೇಕವನ್ನು ಒತ್ತೆಯಿಡಬೇಕಾಗಿಯೂ ಇಲ್ಲ. ಆದುದರಿಂದಲೇ ಸಮಯ ಬಂದಾಗ ಅವರು ಅಧಿಕಾರವನ್ನು ತೊರೆದು ಕಲ್ಯಾಣದಿಂದ ಕೂಡಲಸಂಗಮಕ್ಕೆ ನಡೆಯುವುದು ಸಾಧ್ಯವಾಯಿತು. ವೇಳೆವಾಳಿಗೆ ಆ ದಾರಿ ಮುಚ್ಚಿರುತ್ತದೆ.

ಶರಣರ ಪ್ರಸಿದ್ಧ ಹೆಸರುಗಳೊಡನೆ ಅಂಬಿಗ, ಮಡಿವಾಳ, ಮಾದಾರ, ಹಡಪದ ಎಂಬ ಕಾಯಕಗಳು ಅಂಟಿಕೊಂಡು ಬಂದಿವೆ. ಊರಕಾವಲಿನ ತಳವಾರ ಕಾಮಿದೇವಯ್ಯನೂ ವಚನಕಾರರ ಸಾಲಿನಲ್ಲಿದ್ದಾನೆ. ಕಾಯುವುದು ಕಾಯಕವೇ ಎಂಬುದಕ್ಕೆ ಈ ಹೆಸರೊಂದೇ ಸಾಕು. ಇನ್ನು ಕಲ್ಯಾಣದ ವಿಪ್ಲವಾನಂತರ ಬೆನ್ನಟ್ಟಿ ಬಂದ ದಂಡನ್ನು ತಡೆದು, ವಚನದ ಕಟ್ಟುಗಳೊಡನೆ ಶರಣರು ಉಳವಿಯತ್ತ ಸಾಗಲು ನೆರವಾದವರು ಮಡಿವಾಳ ಮಾಚಿದೇವರೆಂದು ಪರಂಪರೆ ಹೇಳುತ್ತದೆ. ಅವರು ಕತ್ತಿ ಹಿಡಿದರು, ನಿಜ. ಆದರೆ ಮಡಿವಾಳ ಕಾಯಕವನ್ನು ಬಿಟ್ಟು ದಂಡಾಳಾಗಲಿಲ್ಲ. ತುರುಗೊಳ್‌ನಲ್ಲಿ ಮಡಿದ ಒಕ್ಕಲಿಗನಿಗೆ ಅವರು ಹತ್ತಿರದವರು, ಕುವರಲಕ್ಷ್ಮನಿಗಲ್ಲ.

ಹಾಗಾದರೆ ಶಿವಭಕ್ತನಿಗೆ ದಂಡಿನ ಉದ್ಯೋಗ ಸಲ್ಲದೆಂದು ತೀರ್ಮಾನಿಸೋಣವೇ? ಚರಿತ್ರೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ದಂಡನಾಯಕನಾಗಿದ್ದ ಲಕ್ಕಣ್ಣನು ವೀರಶೈವ ತತ್ತ್ವಗಳನ್ನೂ ಶರಣರ ಚರಿತ್ರೆಗಳನ್ನೂ ಒಳಗೊಂಡ ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದನು. ಮಾಚಿದೇವರ ಕಾಲದಲ್ಲಿ ಅರಸನ ದಂಡು ಶರಣರ ಬೆನ್ನಟ್ಟಿತ್ತು. ಲಕ್ಕಣ್ಣನ ಕಾಲದಲ್ಲಿ ಶರಣರ ಕಥೆಯನ್ನು ಬರೆದವನ ಕೈಯಲ್ಲೇ ಅರಸನ ದಂಡಿತ್ತು. ಸಾಹಿತ್ಯಚರಿತ್ರೆಯಲ್ಲಿ ಅವನು ಇಂದಿಗೂ ಲಕ್ಕಣ್ಣ ದಂಡೇಶನೇ.